ಇಂಗ್ಲಿಷಿನ ಅಗತ್ಯ ಮತ್ತು ಕರ್ತವ್ಯಸೂಚಕ ಕ್ರಿಯಾಪದಗಳು

ಇಂಗ್ಲಿಷಿನ ಅಗತ್ಯ ಮತ್ತು ಕರ್ತವ್ಯಸೂಚಕ ಕ್ರಿಯಾಪದಗಳು ಎಂದರೆ ಒಂದು ಕೆಲಸವು ಅನಿವಾರ್ಯವೆಂದು, ಯೋಗ್ಯವೆಂದು ಅಥವಾ ಕಡ್ಡಾಯವೆಂದು ತಿಳಿಸುವುದಕ್ಕಾಗಿ ಮುಖ್ಯ ಕ್ರಿಯಾಪದದೊಡನೆ ಬಳಕೆಯಾಗುವ ಸಹಾಯಕ ಕ್ರಿಯಾಪದಗಳು. ‘ಮಸ್ಟ್’, ‘ಹ್ಯಾವ್ ಟು’, ‘ಶುಡ್’, ‘ಆಟ್ ಟು’, ‘ನೀಡ್’ ಮತ್ತು ‘ಶಲ್’ ಇವುಗಳಲ್ಲಿ ಪ್ರಮುಖವಾದವು. ಕನ್ನಡದಲ್ಲಿ ಇವುಗಳ ಅರ್ಥದ ಬಹುಭಾಗವನ್ನು ‘ಬೇಕು’ ಎಂಬ ಒಂದೇ ಪದವು ವಹಿಸುತ್ತದೆ. ಆದುದರಿಂದ ಈ ಕ್ರಿಯಾಪದಗಳ ನಡುವಣ ವ್ಯತ್ಯಾಸವು ಕನ್ನಡಿಗರಿಗೆ ಇಂಗ್ಲಿಷ್ ಕಲಿಕೆಯಲ್ಲಿಯೂ ಕಾನೂನಿನ ಪಠ್ಯಗಳ ಅನುವಾದದಲ್ಲಿಯೂ ತೊಡಕಾಗುವುದುಂಟು.

ಈ ಲೇಖನದ ಉದಾಹರಣೆಗಳನ್ನು ಹೆಚ್ಚಾಗಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಪರಿಸರದಿಂದ ಆರಿಸಿಕೊಳ್ಳಲಾಗಿದೆ. ಕಾವೇರಿಯು ಇಲ್ಲಿ ಎರಡು ಕವಲಾಗಿ ಗಗನಚುಕ್ಕಿ ಮತ್ತು ಭರಚುಕ್ಕಿ ಜಲಪಾತಗಳಾಗಿ ಧುಮುಕುತ್ತದೆ. ನೀರಿನ ಸೆಳೆತವಿರುವ ಇಂತಹ ಸ್ಥಳದಲ್ಲಿ ‘ಇಳಿಯಬಾರದು’ ಎಂಬುದಕ್ಕೂ ‘ಇಳಿಯಬೇಕಾಗಿಲ್ಲ’ ಎಂಬುದಕ್ಕೂ ಇರುವ ಅಂತರವು ಜೀವದ ಪ್ರಶ್ನೆಯಾಗುತ್ತದೆ. ಇದೇ ನದಿಯ ನೀರನ್ನು ಕುರಿತ 1892 ಮತ್ತು 1924ರ ಒಪ್ಪಂದಗಳು ಇಂಗ್ಲಿಷಿನಲ್ಲಿ ರಚಿತವಾಗಿದ್ದು, ಅವುಗಳಲ್ಲಿನ ಕರ್ತವ್ಯಸೂಚಕ ಕ್ರಿಯಾಪದಗಳು ಎರಡು ರಾಜ್ಯಗಳ ರೈತರ ಬದುಕನ್ನು ಮುಟ್ಟಿವೆ.

ಪದಗಳ ಮೂಲ

ಇಂದು ಕಡ್ಡಾಯವನ್ನು ಸೂಚಿಸುವ ಪದಗಳಲ್ಲಿ ಹೆಚ್ಚಿನವು ಮೂಲದಲ್ಲಿ ಬೇರೆ ಅರ್ಥವನ್ನು ಹೊಂದಿದ್ದವು.

• ‘ಮಸ್ಟ್’: ಹಳೆಯ ಇಂಗ್ಲಿಷಿನಲ್ಲಿ ‘ಅನುಮತಿ ಇರು’ ಎಂಬ ಅರ್ಥವಿದ್ದ ಕ್ರಿಯಾಪದವೊಂದರ ಭೂತಕಾಲದ ರೂಪದಿಂದ ಬಂದಿದೆ. ಅನುಮತಿಯ ಪದವು ಕಾಲಕ್ರಮೇಣ ಕಡ್ಡಾಯದ ಪದವಾಯಿತು.
• ‘ಆಟ್ ಟು’: ‘ಋಣಿಯಾಗಿರು’ ಎಂಬ ಅರ್ಥದ ‘ಓ’ ಎಂಬ ಕ್ರಿಯಾಪದದ ಹಳೆಯ ಭೂತರೂಪ.
• ‘ಶಲ್’: ಇದರ ಮೂಲಾರ್ಥವೂ ‘ಸಾಲ ತೀರಿಸಬೇಕಾಗಿರು’ ಎಂಬುದೇ. ‘ಶುಡ್’ ಇದರ ಭೂತರೂಪ.
• ‘ಹ್ಯಾವ್ ಟು’: ‘ಹೊಂದಿರು’ ಎಂಬ ಅರ್ಥದ ಕ್ರಿಯಾಪದದಿಂದ ಬೆಳೆದುದು. ‘ಬರೆಯುವುದಕ್ಕೆ ನನ್ನಲ್ಲಿ ಒಂದು ಪತ್ರವಿದೆ’ ಎಂಬ ಬಗೆಯ ರಚನೆಯು ‘ನಾನು ಪತ್ರ ಬರೆಯಬೇಕಾಗಿದೆ’ ಎಂಬ ಅರ್ಥಕ್ಕೆ ತಿರುಗಿತು.

ಕನ್ನಡದಲ್ಲಿಯೂ ಇಂತಹ ಬೆಳವಣಿಗೆ ಕಾಣುತ್ತದೆ. ‘ಬಾರದು’ ಎಂಬುದು ‘ಬರು’ ಧಾತುವಿನ ನಿಷೇಧರೂಪ. ‘ಕೂಡದು’ ಎಂಬುದು ‘ಕೂಡು’ ಧಾತುವಿನ ನಿಷೇಧರೂಪ. ‘ತಕ್ಕದ್ದು’ ಎಂಬುದು ‘ಯೋಗ್ಯವಾಗಿರು’ ಎಂಬರ್ಥದ ‘ತಗು’ ಧಾತುವಿನಿಂದ ಬಂದಿದೆ. ಇಂಗ್ಲಿಷಿನಲ್ಲಿ ಕರ್ತವ್ಯದ ಕಲ್ಪನೆಯು ಸಾಲದಿಂದಲೂ ಅನುಮತಿಯಿಂದಲೂ ಬೆಳೆದಿದ್ದರೆ, ಕನ್ನಡದಲ್ಲಿ ಅದು ಬಯಕೆ, ಒದಗಿಬರುವಿಕೆ ಮತ್ತು ಯೋಗ್ಯತೆಗಳಿಂದ ಬೆಳೆದಿದೆ.

ಮುಖ್ಯ ವ್ಯತ್ಯಾಸಗಳು

‘ಮಸ್ಟ್’ ಮತ್ತು ‘ಹ್ಯಾವ್ ಟು’

ಎರಡೂ ಕಡ್ಡಾಯವನ್ನೇ ಸೂಚಿಸುತ್ತವೆ. ಆದರೆ ಕಡ್ಡಾಯವು ಎಲ್ಲಿಂದ ಹುಟ್ಟುತ್ತದೆ ಎಂಬುದರಲ್ಲಿ ಅವು ಸಾಮಾನ್ಯವಾಗಿ ಬೇರೆಯಾಗುತ್ತವೆ. ಹೇಳುವವನೇ ಆಜ್ಞೆಯ ಅಥವಾ ಒತ್ತಾಯದ ಮೂಲವಾಗಿದ್ದಾಗ ‘ಮಸ್ಟ್’ ಬರುತ್ತದೆ. ಹೊರಗಿನ ನಿಯಮ ಅಥವಾ ಸನ್ನಿವೇಶವು ಮೂಲವಾಗಿದ್ದಾಗ ‘ಹ್ಯಾವ್ ಟು’ ಬರುತ್ತದೆ. ಜಲಪಾತದ ಬಳಿಯ ಕಾವಲುಗಾರನು ಪ್ರವಾಸಿಗನಿಗೆ ‘ಯೂ ಮಸ್ಟ್ ಸ್ಟೇ ಬಿಹೈಂಡ್ ದಿ ರೇಲಿಂಗ್’ ಎಂದರೆ ಆಜ್ಞೆ ಅವನದೇ. ಪ್ರವಾಸಿಗನು ತನ್ನ ಜೊತೆಯವರಿಗೆ ‘ವೀ ಹ್ಯಾವ್ ಟು ಸ್ಟೇ ಬಿಹೈಂಡ್ ದಿ ರೇಲಿಂಗ್’ ಎಂದರೆ ಅವನು ಮತ್ತೊಬ್ಬರ ನಿಯಮವನ್ನು ವರದಿ ಮಾಡುತ್ತಿದ್ದಾನೆ. ಮೊದಲನೆಯದಕ್ಕೆ ಕನ್ನಡದಲ್ಲಿ ‘ಕಂಬಿಯ ಹಿಂದೆಯೇ ನಿಲ್ಲಬೇಕು’ ಎಂದೂ ಎರಡನೆಯದಕ್ಕೆ ‘ಕಂಬಿಯ ಹಿಂದೆಯೇ ನಿಲ್ಲಬೇಕಂತೆ’ ಅಥವಾ ‘ನಿಲ್ಲಬೇಕಾಗಿದೆ’ ಎಂದೂ ಹೇಳಬಹುದು.

ಈ ಭೇದವು ಎಲ್ಲ ಸಂದರ್ಭಗಳಲ್ಲಿಯೂ ಕಟ್ಟುನಿಟ್ಟಾಗಿ ಪಾಲನೆಯಾಗುವುದಿಲ್ಲ. ಮಾತಿನಲ್ಲಿ ‘ಹ್ಯಾವ್ ಟು’ ಎರಡೂ ಅರ್ಥಗಳಲ್ಲಿ ಬಳಕೆಯಾಗುತ್ತದೆ. ಭಾಷಾವಿಜ್ಞಾನಿ ಜೆಫ್ರಿ ಲೀಚ್ ಅವರು 1961 ಮತ್ತು 1990ರ ದಶಕದ ಆರಂಭದ ಬರಹಗಳ ಸಂಗ್ರಹಗಳನ್ನು ಹೋಲಿಸಿ, ಬ್ರಿಟಿಷ್ ಮತ್ತು ಅಮೆರಿಕನ್ ಇಂಗ್ಲಿಷ್ ಎರಡರಲ್ಲಿಯೂ ‘ಮಸ್ಟ್’ ಮತ್ತು ‘ಶಲ್’ ಪದಗಳ ಬಳಕೆ ಇಳಿದಿರುವುದನ್ನು ತೋರಿಸಿದ್ದಾರೆ.

‘ಶುಡ್’ ಮತ್ತು ‘ಆಟ್ ಟು’

ಇವು ಕಡ್ಡಾಯಕ್ಕಿಂತ ಮೃದುವಾದವು. ಸಲಹೆ, ಔಚಿತ್ಯ ಅಥವಾ ನೈತಿಕ ಕರ್ತವ್ಯವನ್ನು ಸೂಚಿಸುತ್ತವೆ. ‘ಮಸ್ಟ್’ ಎಂದಾಗ ಕೆಲಸವು ಆಗದೆ ಇರುವ ಸಾಧ್ಯತೆಯನ್ನು ಹೇಳುವವನು ಒಪ್ಪುವುದಿಲ್ಲ. ‘ಶುಡ್’ ಎಂದಾಗ ಆ ಸಾಧ್ಯತೆ ಉಳಿದೇ ಇರುತ್ತದೆ. ಆದುದರಿಂದ ‘ಹೀ ಶುಡ್ ಗೋ, ಬಟ್ ಹೀ ವೋಂಟ್’ — ಅವನು ಹೋಗುವುದು ಸರಿ, ಆದರೆ ಹೋಗುವುದಿಲ್ಲ — ಎಂಬ ವಾಕ್ಯವು ಸಹಜ. ಅದೇ ಸ್ಥಾನದಲ್ಲಿ ‘ಮಸ್ಟ್’ ಇಟ್ಟರೆ ವಾಕ್ಯವು ವಿರೋಧಾಭಾಸದಂತೆ ಕೇಳಿಸುತ್ತದೆ. ‘ಆಟ್ ಟು’ ಪದವು ಅರ್ಥದಲ್ಲಿ ‘ಶುಡ್’ಗೆ ಹತ್ತಿರವಾಗಿದ್ದು ಬಳಕೆಯಲ್ಲಿ ವಿರಳವಾಗಿದೆ.

ಮಳೆಗಾಲದ ನಂತರ ಜಲಪಾತವನ್ನು ನೋಡುವಂತೆ ಸಲಹೆ ನೀಡುವಾಗ ‘ಯೂ ಶುಡ್ ಕಮ್ ಇನ್ ಸೆಪ್ಟೆಂಬರ್’ ಎಂದರೆ ಸಾಕು. ಕನ್ನಡದಲ್ಲಿ ಇದು ‘ಸೆಪ್ಟೆಂಬರಿನಲ್ಲಿ ಬರಬೇಕು’ ಎಂದಾಗಬಹುದು. ಅಲ್ಲಿ ‘ಬೇಕು’ ಸಲಹೆಯೋ ಆಜ್ಞೆಯೋ ಎಂಬುದನ್ನು ಧ್ವನಿ ಮತ್ತು ಸಂದರ್ಭಗಳೇ ನಿರ್ಧರಿಸುತ್ತವೆ. ಬರಹದಲ್ಲಿ ಧ್ವನಿಯ ನೆರವಿಲ್ಲದಿರುವುದರಿಂದ ‘ಬರುವುದು ಒಳ್ಳೆಯದು’ ಎಂಬಂತಹ ರಚನೆಗಳು ‘ಶುಡ್’ ಪದಕ್ಕೆ ಹೆಚ್ಚು ಸಮೀಪವಾಗುತ್ತವೆ.

‘ನೀಡ್’

‘ನೀಡ್’ ಪದಕ್ಕೆ ಎರಡು ರೀತಿಯ ಬಳಕೆಯಿದೆ. ಸಾಮಾನ್ಯ ಕ್ರಿಯಾಪದವಾಗಿ ‘ನೀಡ್ ಟು’ ಎಂಬುದು ಒಳಗಿನ ಅಗತ್ಯವನ್ನು ಅಥವಾ ಒಂದು ಗುರಿಯನ್ನು ತಲುಪಲು ಬೇಕಾದ ಷರತ್ತನ್ನು ತಿಳಿಸುತ್ತದೆ. ಸಹಾಯಕ ಕ್ರಿಯಾಪದವಾಗಿ ಅದು ಮುಖ್ಯವಾಗಿ ನಿಷೇಧ ಮತ್ತು ಪ್ರಶ್ನೆಗಳಲ್ಲಿ ಬರುತ್ತದೆ: ‘ಯೂ ನೀಡ್ ನಾಟ್ ಪೇ’ — ನೀವು ಹಣ ಕೊಡಬೇಕಾಗಿಲ್ಲ.

ಬಯಕೆ ಮತ್ತು ಅಗತ್ಯಗಳನ್ನು ಇಂಗ್ಲಿಷ್ ‘ವಾಂಟ್’ ಮತ್ತು ‘ನೀಡ್’ ಎಂದು ಬೇರ್ಪಡಿಸುತ್ತದೆ. ಕನ್ನಡದಲ್ಲಿ ‘ನನಗೆ ನೀರು ಬೇಕು’ ಎಂಬ ಒಂದೇ ವಾಕ್ಯವು ಎರಡಕ್ಕೂ ಸಲ್ಲುತ್ತದೆ. ಆದರೆ ಕನ್ನಡವು ಮತ್ತೊಂದು ಭೇದವನ್ನು ವಿಭಕ್ತಿಯ ಮೂಲಕ ಕಾಪಾಡಿಕೊಂಡಿದೆ: ವಸ್ತುವು ಬೇಕಾದಾಗ ಬಯಸುವವನು ಚತುರ್ಥೀ ವಿಭಕ್ತಿಯಲ್ಲಿ (‘ನನಗೆ ಬೇಕು’), ಕೆಲಸವು ಕರ್ತವ್ಯವಾದಾಗ ಮಾಡುವವನು ಪ್ರಥಮಾ ವಿಭಕ್ತಿಯಲ್ಲಿ (‘ನಾನು ಹೋಗಬೇಕು’) ಬರುತ್ತಾನೆ.

‘ಶಲ್’

ಆಡುಮಾತಿನಲ್ಲಿ ‘ಶಲ್’ ವಿರಳವಾಗುತ್ತಿದ್ದರೂ ಕಾನೂನು, ಒಪ್ಪಂದ ಮತ್ತು ನಿಯಮಾವಳಿಗಳಲ್ಲಿ ಅದು ಆಜ್ಞೆಯ ಪದವಾಗಿ ಉಳಿದಿದೆ. ಕನ್ನಡದ ಶಾಸನ ಭಾಷೆಯಲ್ಲಿ ಇದಕ್ಕೆ ‘ತಕ್ಕದ್ದು’ ಎಂಬುದು ರೂಢಿಯ ಸಮಾನಪದ. ‘ಶಲ್ ನಾಟ್’ ಎಂಬುದಕ್ಕೆ ‘ತಕ್ಕದ್ದಲ್ಲ’ ಎಂದೂ ‘ಮೇ’ ಎಂಬುದಕ್ಕೆ ‘ಬಹುದು’ ಎಂದೂ ಬಳಸುವುದು ವಾಡಿಕೆ.

ನಿಷೇಧದಲ್ಲಿ ಆಗುವ ಅರ್ಥವ್ಯತ್ಯಾಸ

ವಿಧಿವಾಕ್ಯಗಳಲ್ಲಿ ‘ಮಸ್ಟ್’ ಮತ್ತು ‘ಹ್ಯಾವ್ ಟು’ ಒಂದರ ಬದಲಿಗೆ ಮತ್ತೊಂದು ಬಂದರೂ ಹೆಚ್ಚಿನ ಹಾನಿಯಿಲ್ಲ. ನಿಷೇಧದಲ್ಲಿ ಅವು ತೀರ ಭಿನ್ನವಾದ ಅರ್ಥಗಳನ್ನು ಕೊಡುತ್ತವೆ.

• ‘ಯೂ ಮಸ್ಟ್ ನಾಟ್ ಎಂಟರ್ ದಿ ವಾಟರ್’ — ನೀರಿಗೆ ಇಳಿಯಬಾರದು. ಇಳಿಯದಿರುವುದು ಕಡ್ಡಾಯ.
• ‘ಯೂ ಡೋಂಟ್ ಹ್ಯಾವ್ ಟು ಎಂಟರ್ ದಿ ವಾಟರ್’ — ನೀರಿಗೆ ಇಳಿಯಬೇಕಾಗಿಲ್ಲ. ಇಳಿಯುವುದು ಕಡ್ಡಾಯವಲ್ಲ, ಇಚ್ಛೆಯಿದ್ದರೆ ಇಳಿಯಬಹುದು.
• ‘ಯೂ ನೀಡ್ ನಾಟ್ ಎಂಟರ್ ದಿ ವಾಟರ್’ — ಎರಡನೆಯದರ ಅರ್ಥವೇ.
• ‘ಯೂ ಶುಡ್ ನಾಟ್ ಎಂಟರ್ ದಿ ವಾಟರ್’ — ಇಳಿಯದಿರುವುದು ಒಳ್ಳೆಯದು. ಇದು ಸಲಹೆ ಅಥವಾ ಮೃದುವಾದ ನಿಷೇಧ.

ಮೊದಲನೆಯ ವಾಕ್ಯದಲ್ಲಿ ‘ಅಲ್ಲ’ ಎಂಬ ಅಂಶವು ಕೆಲಸಕ್ಕೆ ಅಂಟಿಕೊಳ್ಳುತ್ತದೆ. ಎರಡನೆಯದರಲ್ಲಿ ಅದು ಕಡ್ಡಾಯಕ್ಕೆ ಅಂಟಿಕೊಳ್ಳುತ್ತದೆ. ಫಿನ್ಲೆಂಡಿನ ತತ್ತ್ವಶಾಸ್ತ್ರಜ್ಞ ಜಿ. ಎಚ್. ಫಾನ್ ರೈಟ್ ಅವರು 1951ರಲ್ಲಿ ಪ್ರಕಟಿಸಿದ ಕರ್ತವ್ಯತರ್ಕದ ಲೇಖನದಲ್ಲಿ ಕರ್ತವ್ಯ, ಅನುಮತಿ ಮತ್ತು ನಿಷೇಧಗಳ ನಡುವಣ ಸಂಬಂಧವನ್ನು ತರ್ಕದ ಸೂತ್ರಗಳಲ್ಲಿ ನಿರೂಪಿಸಿದರು. ಆ ತರ್ಕದಂತೆ ನಿಷೇಧವೆಂದರೆ ‘ಮಾಡದಿರುವ ಕರ್ತವ್ಯ’. ಕರ್ತವ್ಯವಿಲ್ಲದಿರುವುದೆಂದರೆ ‘ಮಾಡದಿರಲು ಅನುಮತಿ’.

ಈ ಒಂದು ವಿಷಯದಲ್ಲಿ ಕನ್ನಡವು ಇಂಗ್ಲಿಷಿಗಿಂತ ಸ್ಪಷ್ಟವಾಗಿದೆ. ‘ಬೇಕು’ ಎಂಬುದರ ಎರಡು ನಿರಾಕರಣೆಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ: ನಿಷೇಧಕ್ಕೆ ‘ಬಾರದು’ ಮತ್ತು ‘ಕೂಡದು’, ಅಗತ್ಯದ ಅಭಾವಕ್ಕೆ ‘ಬೇಕಾಗಿಲ್ಲ’ ಮತ್ತು ‘ಬೇಕಿಲ್ಲ’. ಎದುರಿಗಿರುವವರನ್ನು ನೇರವಾಗಿ ತಡೆಯುವಾಗ ‘ಇಳಿಯಬೇಡ’, ‘ಇಳಿಯಬೇಡಿ’ ಎಂಬ ರೂಪಗಳು ಬರುತ್ತವೆ. ಮಂಡ್ಯ ಸೀಮೆಯ ಆಡುಮಾತಿನ ‘ಬ್ಯಾಡ’ ಎಂಬುದೂ ಇದೇ. ಹೀಗಿದ್ದರೂ ಇಂಗ್ಲಿಷ್ ಕಲಿಯುವ ಕನ್ನಡಿಗರು ‘ಡೋಂಟ್ ಹ್ಯಾವ್ ಟು’ ಎಂಬುದರಲ್ಲಿನ ‘ಡೋಂಟ್’ ಎಂಬ ಶಬ್ದವನ್ನು ಕೇಳಿ ಅದನ್ನು ‘ಬೇಡ’ ಎಂದು ಗ್ರಹಿಸುವುದುಂಟು. ಅದರ ವ್ಯತಿರಿಕ್ತವಾದ ತಪ್ಪು ಹೆಚ್ಚು ಅಪಾಯಕರ: ‘ಬಾರದು’ ಎಂಬ ಎಚ್ಚರಿಕೆಯನ್ನು ‘ನೀಡ್ ನಾಟ್’ ಎಂದು ಅನುವಾದಿಸಿದರೆ ಕನ್ನಡ ತಿಳಿಯದ ಪ್ರವಾಸಿಗನಿಗೆ ಅದು ನಿಷೇಧವಾಗಿ ತಲುಪದೆ ಅನುಮತಿಯಾಗಿ ತಲುಪುತ್ತದೆ. ಮೇಲ್ಭಾಗದ ಜಲಾಶಯಗಳಿಂದ ನೀರು ಬಿಟ್ಟಾಗ ಹರಿವು ಏರುವ ನದಿಯ ದಡದಲ್ಲಿ ಎಚ್ಚರಿಕೆಯ ಫಲಕಕ್ಕೆ ಸಲ್ಲುವ ಪದ ‘ಮಸ್ಟ್ ನಾಟ್’ ಅಥವಾ ನೇರವಾದ ‘ಡು ನಾಟ್’ ಮಾತ್ರ.

ಭೂತಕಾಲ

‘ಮಸ್ಟ್’ ಪದಕ್ಕೆ ಕರ್ತವ್ಯದ ಅರ್ಥದಲ್ಲಿ ಭೂತಕಾಲದ ರೂಪವಿಲ್ಲ. ಆ ಸ್ಥಾನವನ್ನು ‘ಹ್ಯಾಡ್ ಟು’ ತುಂಬುತ್ತದೆ. ಕನ್ನಡದ ‘ಬೇಕು’ ಸಹ ತಾನಾಗಿ ಕಾಲವನ್ನು ಸೂಚಿಸದೆ ‘ಆಗು’ ಮತ್ತು ‘ಇರು’ ಧಾತುಗಳ ನೆರವನ್ನು ಪಡೆಯುತ್ತದೆ.

• ‘ವೀ ಹ್ಯಾಡ್ ಟು ಟರ್ನ್ ಬ್ಯಾಕ್’ — ನಾವು ಹಿಂದಿರುಗಬೇಕಾಯಿತು. ಹಿಂದಿರುಗಿದ್ದೂ ನಿಜ.
• ‘ವೀ ಶುಡ್ ಹ್ಯಾವ್ ಟರ್ನ್ಡ್ ಬ್ಯಾಕ್’ — ನಾವು ಹಿಂದಿರುಗಬೇಕಿತ್ತು. ಆದರೆ ಹಿಂದಿರುಗಲಿಲ್ಲ.

‘ಬೇಕಾಯಿತು’ ಮತ್ತು ‘ಬೇಕಿತ್ತು’ ಎಂಬ ಈ ಜೋಡಿಯು ಇಂಗ್ಲಿಷಿನ ಭೇದಕ್ಕೆ ಸರಿಹೊಂದುತ್ತದೆ. ಆದರೆ ಮತ್ತೊಂದು ಜೋಡಿಯಲ್ಲಿ ಇಂಗ್ಲಿಷ್ ಹೆಚ್ಚು ನಿಖರವಾಗಿದೆ. ‘ಯೂ ನೀಡ್ ನಾಟ್ ಹ್ಯಾವ್ ಬ್ರಾಟ್ ವಾಟರ್’ ಎಂದರೆ ನೀರನ್ನು ತಂದಾಗಿದೆ, ಅದು ಅನಗತ್ಯವಾಯಿತು ಎಂದರ್ಥ. ‘ಯೂ ಡಿಡ್ ನಾಟ್ ನೀಡ್ ಟು ಬ್ರಿಂಗ್ ವಾಟರ್’ ಎಂದರೆ ತರುವ ಅಗತ್ಯವಿರಲಿಲ್ಲ ಎಂದಷ್ಟೆ. ತಂದರೋ ಇಲ್ಲವೋ ವಾಕ್ಯದಿಂದ ತಿಳಿಯದು. ಕನ್ನಡದ ‘ನೀರು ತರಬೇಕಾಗಿರಲಿಲ್ಲ’ ಎಂಬುದು ಎರಡಕ್ಕೂ ಅನ್ವಯಿಸುತ್ತದೆ.

ಊಹೆಯ ಅರ್ಥ

ಈ ಕ್ರಿಯಾಪದಗಳಲ್ಲಿ ಕೆಲವು ಕರ್ತವ್ಯವನ್ನು ಮಾತ್ರವಲ್ಲದೆ ತರ್ಕಬದ್ಧವಾದ ಊಹೆಯನ್ನೂ ಸೂಚಿಸುತ್ತವೆ. ಗಗನಚುಕ್ಕಿಯಲ್ಲಿ ನೀರು ಕೆಂಪಾಗಿ ಉಕ್ಕುವುದನ್ನು ಕಂಡವರು ‘ಇಟ್ ಮಸ್ಟ್ ಹ್ಯಾವ್ ರೇಯ್ನ್ಡ್ ಇನ್ ಕೊಡಗು’ ಎನ್ನಬಹುದು. ಕನ್ನಡದಲ್ಲಿ ‘ಕೊಡಗಿನಲ್ಲಿ ಮಳೆಯಾಗಿರಬೇಕು’ ಎಂಬ ವಾಕ್ಯವು ಇದಕ್ಕೆ ಸಮಾನ. ಮಳೆಯಾಗುವುದು ಇಲ್ಲಿ ಯಾರ ಕರ್ತವ್ಯವೂ ಅಲ್ಲ. ಕಂಡ ಕಾರ್ಯದಿಂದ ಕಾಣದ ಕಾರಣವನ್ನು ನಿಶ್ಚಯಿಸಲಾಗಿದೆ.

ನಿಶ್ಚಯದ ಪ್ರಮಾಣ ಕಡಿಮೆಯಾದಾಗ ‘ಶುಡ್’ ಬರುತ್ತದೆ. ‘ದಿ ವಾಟರ್ ಶುಡ್ ರೀಚ್ ಹಿಯರ್ ಬೈ ಮಾರ್ನಿಂಗ್’ ಎಂದರೆ ಬೆಳಗಿನ ಹೊತ್ತಿಗೆ ನೀರು ತಲುಪುತ್ತದೆಂಬ ನಿರೀಕ್ಷೆಯಿದೆ ಎಂದರ್ಥ. ಕನ್ನಡದಲ್ಲಿ ಇದೂ ‘ತಲುಪಬೇಕು’ ಎಂದೇ ಆಗುತ್ತದೆ. ಊಹೆಯ ನಿಷೇಧದಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ‘ಮಸ್ಟ್ ನಾಟ್’ ಬದಲಿಗೆ ‘ಕಾಂಟ್’ ಬಳಸುತ್ತದೆ. ಕನ್ನಡ ‘ಮಳೆಯಾಗಿರಲಾರದು’ ಎನ್ನುತ್ತದೆ.

ಒತ್ತು ಮತ್ತು ವಿನಯ

ಇಂಗ್ಲಿಷ್ ಕರ್ತವ್ಯದ ತೀವ್ರತೆಯನ್ನು ಬೇರೆ ಬೇರೆ ಪದಗಳ ಮೂಲಕ ಸೂಚಿಸಿದರೆ, ಕನ್ನಡವು ಅದನ್ನು ಬಹುಮಟ್ಟಿಗೆ ‘ಏ’ ಎಂಬ ಅವಧಾರಣೆಯ ಅವ್ಯಯದಿಂದ ಸೂಚಿಸುತ್ತದೆ. ‘ಹೋಗಬೇಕು’ ಎಂಬುದು ‘ಶುಡ್’ ಇಂದ ‘ಮಸ್ಟ್’ವರೆಗಿನ ಯಾವ ಹಂತದಲ್ಲಿಯೂ ನಿಲ್ಲಬಹುದು, ‘ಹೋಗಲೇಬೇಕು’ ಎಂದೊಡನೆ ಅದು ‘ಮಸ್ಟ್’ ಅಥವಾ ‘ಹ್ಯಾವ್ ಟು’ ಹಂತದಲ್ಲಿ ಖಚಿತವಾಗುತ್ತದೆ.

‘ಬೇಕು’ ಕನ್ನಡದಲ್ಲಿ ವಿನಯದ ಪದವೂ ಹೌದು. ಮನೆಗೆ ಬಂದವರನ್ನು ‘ಬರಬೇಕು, ಬರಬೇಕು’ ಎಂದು ಸ್ವಾಗತಿಸುವಾಗಲೂ ಮದುವೆಯ ಕರೆಯೋಲೆಯಲ್ಲಿ ‘ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುತ್ತೇವೆ’ ಎಂದು ಬರೆಯುವಾಗಲೂ ಅಲ್ಲಿ ಒತ್ತಾಯವಿಲ್ಲ. ಇಂತಹ ಕಡೆ ಇಂಗ್ಲಿಷ್ ಅನುವಾದದಲ್ಲಿ ಕರ್ತವ್ಯಸೂಚಕ ಕ್ರಿಯಾಪದವನ್ನೇ ಬಿಟ್ಟು ವಿನಂತಿಯ ಪದವನ್ನು ಬಳಸುವುದು ಸೂಕ್ತ. ಆತ್ಮೀಯ ಆಹ್ವಾನದಲ್ಲಿ ಮಾತ್ರ ಇಂಗ್ಲಿಷ್ ‘ಯೂ ಮಸ್ಟ್ ಕಮ್’ ಎನ್ನುತ್ತದೆ. ಅದು ‘ನೀವು ಬರಲೇಬೇಕು’ ಎಂಬ ಪ್ರೀತಿಯ ಒತ್ತಾಯಕ್ಕೆ ಸಮ.

ಕಾವೇರಿ ಒಪ್ಪಂದಗಳಲ್ಲಿ ಕರ್ತವ್ಯಸೂಚಕ ಕ್ರಿಯಾಪದಗಳು

ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ 1892ರಲ್ಲಿ ಆದ ಒಪ್ಪಂದವು ನಿಷೇಧ ಮತ್ತು ಕರ್ತವ್ಯಗಳೆರಡನ್ನೂ ಒಳಗೊಂಡಿತ್ತು. ಗೊತ್ತುಪಡಿಸಿದ ನದಿಗಳಿಗೆ ಅಡ್ಡಲಾಗಿ ಮದರಾಸಿನ ಪೂರ್ವಾನುಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯಗಳನ್ನು ಕಟ್ಟತಕ್ಕದ್ದಲ್ಲ ಎಂಬುದು ಅದರ ನಿಷೇಧ. ಈಗಾಗಲೇ ಪ್ರಾಪ್ತವಾಗಿ ಅಸ್ತಿತ್ವದಲ್ಲಿರುವ ಹಕ್ಕುಗಳ ರಕ್ಷಣೆಗಾಗಿ ಹೊರತು ಮದರಾಸು ಆ ಅನುಮತಿಯನ್ನು ನಿರಾಕರಿಸದಿರಲು ಬದ್ಧವಾಗಿರುವುದು ಅದರ ಕರ್ತವ್ಯ. ಮೊದಲನೆಯದನ್ನು ಮಾತ್ರ ಓದಿದರೆ ಒಪ್ಪಂದವು ಮೈಸೂರಿನ ಮೇಲಿನ ಏಕಪಕ್ಷೀಯ ತಡೆಯಾಗಿ ಕಾಣುತ್ತದೆ; ಎರಡನ್ನೂ ಓದಿದಾಗ ಮದರಾಸಿನ ಅನುಮತಿಯ ಅಧಿಕಾರವೂ ಒಂದು ಕಟ್ಟಿಗೆ ಒಳಪಟ್ಟಿದ್ದುದು ತಿಳಿಯುತ್ತದೆ. ಈ ಎರಡು ವಾಕ್ಯಗಳ ನಡುವಣ ತೂಕವೇ ಮುಂದಿನ ವಿವಾದದ ಒಂದು ಬೇರಾಯಿತು.

1902ರಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರವು ಕಾರ್ಯಾರಂಭ ಮಾಡಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸತೊಡಗಿತು. ಗಣಿಗಳಿಗೆ ವಿದ್ಯುತ್ತು ವರ್ಷವಿಡೀ ಬೇಕಾಗಿತ್ತು. ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗುತ್ತಿತ್ತು. ವಿದ್ಯುದಾಗಾರಕ್ಕೆ ನಿರಂತರವಾಗಿ ನೀರನ್ನು ಒದಗಿಸುವುದು 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಒಂದು. ಜಲಾಶಯದ ಎತ್ತರವನ್ನು ಕುರಿತು ಉಂಟಾದ ಭಿನ್ನಾಭಿಪ್ರಾಯವು ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಹೋಗಿ, 1914ರಲ್ಲಿ ತೀರ್ಪು ಬಂದಿತು. ಮದರಾಸು ಅದನ್ನು ಒಪ್ಪದೆ ಮೇಲ್ಮನವಿ ಸಲ್ಲಿಸಿತು. ಕೊನೆಗೆ 1924ರಲ್ಲಿ ಹೊಸ ಒಪ್ಪಂದವಾಯಿತು.

1924ರ ಒಪ್ಪಂದಕ್ಕೆ ಲಗತ್ತಾದ ನಿಯಂತ್ರಣ ನಿಯಮಗಳಲ್ಲಿ ‘ಮಸ್ಟ್’ ಮತ್ತು ‘ಶಲ್’ ಒಂದೇ ವಾಕ್ಯದಲ್ಲಿ ಬಂದಿವೆ. ಕೃಷ್ಣರಾಜಸಾಗರದಲ್ಲಿ ನೀರನ್ನು ಸಂಗ್ರಹಿಸುವ ಮೊದಲು ತಮಿಳುನಾಡಿನ ಮೇಲಣೈ ಬಳಿ ಕನಿಷ್ಠ ಹರಿವು ಇರಲೇಬೇಕು ಎಂಬಲ್ಲಿ ‘ಮಸ್ಟ್’ ಇದೆ. ಆ ಹರಿವಿನ ಪ್ರಮಾಣವು ತಿಂಗಳವಾರು ಹೀಗಿರತಕ್ಕದ್ದು ಎಂಬಲ್ಲಿ ‘ಶಲ್’ ಇದೆ. ಮೊದಲನೆಯದು ಒಂದು ಕ್ರಿಯೆಗೆ ಮುಂಚೆ ಪೂರೈಸಬೇಕಾದ ಷರತ್ತನ್ನು ಹೇಳಿದರೆ ಎರಡನೆಯದು ಒಪ್ಪಂದದ ಬಲದಿಂದ ಪ್ರಮಾಣವನ್ನು ವಿಧಿಸುತ್ತದೆ.

1956ರ ಅಂತರರಾಜ್ಯ ನದಿನೀರು ವಿವಾದಗಳ ಅಧಿನಿಯಮದ 6ಎ ಪ್ರಕರಣವು ನ್ಯಾಯಾಧಿಕರಣದ ತೀರ್ಪನ್ನು ಜಾರಿಗೊಳಿಸಲು ಕೇಂದ್ರ ಸರ್ಕಾರವು ಯೋಜನೆಯೊಂದನ್ನು ರೂಪಿಸಬಹುದು ಎನ್ನುತ್ತದೆ. ಅಲ್ಲಿನ ಇಂಗ್ಲಿಷ್ ಪದ ‘ಮೇ’. ಕಾವೇರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಯೋಜನೆಯನ್ನು ರೂಪಿಸಲು ಆರು ವಾರಗಳ ಗಡುವನ್ನು ವಿಧಿಸಿತು. ಯೋಜನೆಯು 2018ರ ಜೂನ್ 1ರಂದು ಅಧಿಸೂಚಿತವಾಗಿ, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಅಧಿನಿಯಮದಲ್ಲಿ ‘ಬಹುದು’ ಎಂದಿದ್ದುದು ಗಡುವಿನ ಆದೇಶದೊಡನೆ ಕಾರ್ಯತಃ ‘ತಕ್ಕದ್ದು’ ಎಂಬುದಾಯಿತು.

ನ್ಯಾಯಾಲಯಗಳ ವ್ಯಾಖ್ಯಾನ

‘ಶಲ್’ ಇದ್ದ ಮಾತ್ರಕ್ಕೆ ಪ್ರತಿಯೊಂದು ಉಪಬಂಧವೂ ಕಡ್ಡಾಯವೆಂದು ನ್ಯಾಯಾಲಯಗಳು ಪರಿಗಣಿಸುವುದಿಲ್ಲ. ಮನಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್, ಶಿಸ್ತುಕ್ರಮದ ವಿಷಯಗಳಲ್ಲಿ ಲೋಕಸೇವಾ ಆಯೋಗದೊಡನೆ ಸಮಾಲೋಚಿಸತಕ್ಕದ್ದು ಎಂಬ ಸಂವಿಧಾನದ 320(3)(ಸಿ) ಉಪಬಂಧವು ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲ ಎಂದು ತೀರ್ಮಾನಿಸಿತು. ಇದಕ್ಕೆ ಪ್ರತಿಯಾಗಿ, ಅಧಿಕಾರವು ಕರ್ತವ್ಯದೊಡನೆ ಕೂಡಿದ್ದಾಗ ‘ಮೇ’ ಪದವೂ ಬಾಧ್ಯತೆಯನ್ನು ಉಂಟುಮಾಡಬಹುದೆಂಬ ತತ್ತ್ವವು 1880ರ ಇಂಗ್ಲೆಂಡಿನ ಜೂಲಿಯಸ್ ಪ್ರಕರಣದಿಂದ ಪ್ರಸಿದ್ಧವಾಯಿತು. ಪದದ ಜೊತೆಗೆ ಶಾಸನದ ಉದ್ದೇಶವನ್ನೂ, ಪಾಲಿಸದಿದ್ದರೆ ಉಂಟಾಗುವ ಪರಿಣಾಮವನ್ನೂ ನೋಡಿ ನಿರ್ಧರಿಸುವುದು ರೂಢಿಯಾಗಿದೆ.

ಈ ಅನಿಶ್ಚಿತತೆಯ ಕಾರಣದಿಂದ ಹಲವು ದೇಶಗಳ ಶಾಸನ ರಚನಾಕಾರರು ‘ಶಲ್’ ಬದಲಿಗೆ ‘ಮಸ್ಟ್’ ಬಳಸತೊಡಗಿದ್ದಾರೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳನ್ನು 2007ರಲ್ಲಿ ಈ ರೀತಿಯಲ್ಲಿ ಪುನಃ ಬರೆಯಲಾಯಿತು. ತಾಂತ್ರಿಕ ಮಾನದಂಡಗಳಲ್ಲಿ ಪದಗಳ ಅರ್ಥವನ್ನು ಮೊದಲೇ ನಿಗದಿಪಡಿಸುವ ಪದ್ಧತಿಯಿದೆ: ಐಎಸ್ಒ ಮಾನದಂಡಗಳಲ್ಲಿ ‘ಶಲ್’ ಎಂದರೆ ಅವಶ್ಯಕತೆ, ‘ಶುಡ್’ ಎಂದರೆ ಶಿಫಾರಸು, ‘ಮೇ’ ಎಂದರೆ ಅನುಮತಿ.

ಭಾರತದ ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ, ಸಂಸತ್ತು ಕಾನೂನಿನ ಮೂಲಕ ಬೇರೆ ವ್ಯವಸ್ಥೆ ಮಾಡದ ಹೊರತು, ಅಧಿನಿಯಮಗಳ ಅಧಿಕೃತ ಪಾಠವು ಇಂಗ್ಲಿಷಿನಲ್ಲಿರುತ್ತದೆ. ಆದುದರಿಂದ ಕನ್ನಡದ ‘ತಕ್ಕದ್ದು’ ಅಥವಾ ‘ಬಹುದು’ ಎಂಬುದರ ಬಗ್ಗೆ ಸಂದೇಹ ಬಂದಾಗ ಇಂಗ್ಲಿಷ್ ಪಾಠದ ‘ಶಲ್’ ಮತ್ತು ‘ಮೇ’ ಪದಗಳನ್ನು ನೋಡಬೇಕಾಗುತ್ತದೆ.

ಸಮಾನರೂಪಗಳ ಸಾರಾಂಶ

• ‘ಮಸ್ಟ್’ — ಲೇಬೇಕು, ಊಹೆಯಲ್ಲಿ ‘ಇರಬೇಕು’.
• ‘ಹ್ಯಾವ್ ಟು’ — ಬೇಕಾಗಿದೆ, ಬೇಕಾಗುತ್ತದೆ.
• ‘ಹ್ಯಾಡ್ ಟು’ — ಬೇಕಾಯಿತು.
• ‘ಶುಡ್’, ‘ಆಟ್ ಟು’ — ಬೇಕು. ಮಾಡುವುದು ಒಳ್ಳೆಯದು, ಮಾಡುವುದು ಸರಿ.
• ‘ಶುಡ್ ಹ್ಯಾವ್’ — ಬೇಕಿತ್ತು.
• ‘ನೀಡ್ ಟು’ — ಅಗತ್ಯವಿದೆ, ಬೇಕಾಗಿದೆ.
• ‘ನೀಡ್ ನಾಟ್’, ‘ಡೋಂಟ್ ಹ್ಯಾವ್ ಟು’ — ಬೇಕಾಗಿಲ್ಲ, ಅಗತ್ಯವಿಲ್ಲ.
• ‘ಮಸ್ಟ್ ನಾಟ್’ — ಬಾರದು, ಕೂಡದು.
• ‘ಶಲ್’ — ತಕ್ಕದ್ದು.
• ‘ಶಲ್ ನಾಟ್’ — ತಕ್ಕದ್ದಲ್ಲ.
• ‘ಮೇ’ — ಬಹುದು.